ಕೃತ್ತಿಕೆಯನ್ನೂ ಪುಷ್ಯವನ್ನೂ ಒಂದೇ ಸೇರಿನಲ್ಲಿ ಅಳೆಯುವುದು

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. 6 ಇಂಚಿನ ದೂರದರ್ಶಕ, ಒಂದು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 200 ಮಿ.ಮೀ. ಲೆನ್ಸ್ ಇವೆ. ಡಿಸೆಂಬರ್ ಕೊನೆಯಲ್ಲಿ ರಾತ್ರಿ 10 ಗಂಟೆಗೆ ಮಕ್ಕಳೊಂದಿಗೆ ಕೃತ್ತಿಕೆಯ ನಕ್ಷತ್ರಗಳ ಕಾಂತಿಮಾನ (ನಕ್ಷತ್ರ ಎಷ್ಟು ಬೆಳಗುತ್ತದೆ ಎಂಬುದರ ಅಂಕಿ, ಅದು ಹೆಚ್ಚಿದಷ್ಟೂ ನಕ್ಷತ್ರ ಮಂಕು) ಅಳೆದೆವು. ಫೆಬ್ರವರಿ ಕೊನೆಯಲ್ಲಿ ಒಂಬತ್ತೂವರೆಗೆ ಮತ್ತೆ ಅಳೆದಾಗ ಎಲ್ಲ ನಕ್ಷತ್ರಗಳೂ ಸುಮಾರು 0.2ರಷ್ಟು ಮಂಕಾಗಿ ಬಂದವು. ಪುಸ್ತಕಗಳಲ್ಲಿಯೂ ಕೃತ್ತಿಕೆಯ ದೂರ ಒಂದೊಂದರಲ್ಲಿ ಒಂದೊಂದು ಬಗೆ. ಹತ್ತು ಹನ್ನೆರಡು ನಕ್ಷತ್ರಗುಚ್ಛಗಳನ್ನು ಒಂದೇ ಬಗೆಯಲ್ಲಿ ಅಳೆದು ಹೋಲಿಸುವ ಆಸೆ ಇದೆ. ಹೇಗೆ ಮಾಡುವುದು? ನಕ್ಷತ್ರಗಳ ದೂರ, ಕಾಂತಿಗಳನ್ನು ಅಳೆಯಲೆಂದೇ ಹಾರಿದ ಗಾಯಾ ಉಪಗ್ರಹ ಎಲ್ಲವನ್ನೂ ಅಳೆದಿರುವಾಗ ನಮ್ಮ ಅಳತೆಗೆ ಬೆಲೆ ಉಂಟೆ?

ಉತ್ತರ: ನಿಮ್ಮ ಮಕ್ಕಳು ತಪ್ಪು ಅಳೆದಿಲ್ಲ. ಅದನ್ನು ಮೊದಲು ಅವರಿಗೆ ಹೇಳಿ. ಅವರು ಎರಡೂ ರಾತ್ರಿ ಸರಿಯಾಗಿಯೇ ಅಳೆದಿದ್ದಾರೆ, ಆದರೆ ಎರಡು ಬೇರೆ ಬೇರೆ ಸಂಗತಿಗಳನ್ನು ಅಳೆದಿದ್ದಾರೆ. ಡಿಸೆಂಬರ್ ಕೊನೆಗೆ ರಾತ್ರಿ 10ಕ್ಕೆ ಕೃತ್ತಿಕೆ ಮಂಡ್ಯದಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಫೆಬ್ರವರಿ ಕೊನೆಗೆ ಒಂಬತ್ತೂವರೆಯ ಹೊತ್ತಿಗೆ ಪಡುವಣಕ್ಕೆ ವಾಲಿ, ದಿಗಂತದಿಂದ 37 ಡಿಗ್ರಿಯಷ್ಟೇ ಮೇಲಿರುತ್ತದೆ. ಅಷ್ಟು ಓರೆಯಲ್ಲಿ ಬರುವ ಬೆಳಕು ನೆತ್ತಿಯಿಂದ ಬರುವ ಬೆಳಕಿಗಿಂತ ಸುಮಾರು 1.7 ಪಟ್ಟು ಗಾಳಿಯನ್ನು ಹಾಯ್ದು ಬರಬೇಕು. ನಮ್ಮ ಬಯಲಿನ ಗಾಳಿ ನೆತ್ತಿಯ ನಕ್ಷತ್ರದಿಂದ 0.3 ಕಾಂತಿಮಾನದಷ್ಟು ಬೆಳಕು ಹೀರುತ್ತದೆ ಎಂದು ಇಟ್ಟುಕೊಂಡರೆ, ಹೆಚ್ಚುವರಿ 0.7 ಪಾಲಿಗೆ 0.21 ಆಯಿತು. ನಿಮ್ಮ 0.2 ಎಲ್ಲಿಂದ ಬಂತು ಎಂಬುದು ಇಲ್ಲಿಗೆ ಮುಗಿಯಿತು. ಮಕ್ಕಳು ಕೃತ್ತಿಕೆಯ ಜೊತೆಗೆ ಮಂಡ್ಯದ ಗಾಳಿಯನ್ನೂ ಅಳೆದಿದ್ದಾರೆ, ಅದೂ ಚೆನ್ನಾಗಿಯೇ ಅಳೆದಿದ್ದಾರೆ.

ಆದರೆ ಮಂಕಾಗುವುದಷ್ಟೇ ಆಗಿದ್ದರೆ ನಾನು ಇಷ್ಟು ಉದ್ದದ ಉತ್ತರ ಬರೆಯುತ್ತಿರಲಿಲ್ಲ. ಗಾಳಿ ನೀಲಿ ಬೆಳಕನ್ನು ಹಸಿರಿಗಿಂತ ಹೆಚ್ಚು ಕದಿಯುತ್ತದೆ. ಆದ್ದರಿಂದ ವಾಲಿದ ಗುಚ್ಛ ಮಂಕಾಗುವುದರ ಜೊತೆಗೆ ಕೆಂಪಗೂ ಆಗುತ್ತದೆ. ನೀಲಿ ಮತ್ತು ಹಸಿರು ಕಾಂತಿಮಾನಗಳ ವ್ಯತ್ಯಾಸವನ್ನು ನಾವು ವರ್ಣಾಂಕ ಎನ್ನುತ್ತೇವೆ. ಗುಚ್ಛದ ಪ್ರತಿ ನಕ್ಷತ್ರದ ವರ್ಣಾಂಕವನ್ನು ಅಡ್ಡಕ್ಕೆ, ಕಾಂತಿಮಾನವನ್ನು ಉದ್ದಕ್ಕೆ ಗುರುತಿಸಿದರೆ ಹೆಚ್ಚಿನ ನಕ್ಷತ್ರಗಳು ಒಂದು ಓರೆಯಾದ ಪಟ್ಟಿಯಲ್ಲಿ ಬಂದು ಕೂರುತ್ತವೆ. ಅದೇ ಪ್ರಧಾನ ಶ್ರೇಣಿ. ದೂರ ಗೊತ್ತಿರುವ ಗುಚ್ಛದ ಪಟ್ಟಿಯ ಮೇಲೆ ದೂರ ಗೊತ್ತಿಲ್ಲದ ಗುಚ್ಛದ ಪಟ್ಟಿಯನ್ನು ಇಟ್ಟು, ಮೇಲೆ ಕೆಳಗೆ ಸರಿಸಿ, ಎಷ್ಟು ಸರಿಸಿದಾಗ ಕೂಡಿಕೊಂಡಿತು ಎಂದು ನೋಡಿ ದೂರ ಹೇಳುವುದು ಹಳೆಯ, ಗಟ್ಟಿಯಾದ ಉಪಾಯ. ಈ ಪಟ್ಟಿ ಬಹಳ ಕಡಿದಾಗಿದೆ. ವರ್ಣಾಂಕ 0.1ರಷ್ಟು ಬದಲಾದರೆ ಕಾಂತಿಮಾನ ಸುಮಾರು 0.5ರಷ್ಟು ಬದಲಾಗುತ್ತದೆ. ಬಣ್ಣದಲ್ಲಿ ಬರೀ 0.02ರ ತಪ್ಪಾದರೂ ಕಾಂತಿಮಾನದಲ್ಲಿ ಅದು 0.1 ಆಗಿ, ದೂರದಲ್ಲಿ ನೂರಕ್ಕೆ ಐದರಷ್ಟು ತಪ್ಪಾಗಿ ಹೊರಬರುತ್ತದೆ.

ಫೆಬ್ರವರಿಯ ರಾತ್ರಿ ಎರಡು ತಪ್ಪುಗಳು ಒಟ್ಟಿಗೆ ಆಗಿರುತ್ತವೆ. ಮಂಕಾದದ್ದು ಗುಚ್ಛವನ್ನು ದೂರಕ್ಕೆ ತಳ್ಳುತ್ತದೆ, ಕೆಂಪಾದದ್ದು ಹತ್ತಿರಕ್ಕೆ ಎಳೆಯುತ್ತದೆ. ಒಂದಕ್ಕೊಂದು ಸರಿದೂಗಿ ಉತ್ತರ ಪುಸ್ತಕದ ಸಂಖ್ಯೆಗೆ ಹತ್ತಿರ ಬಂದುಬಿಟ್ಟರೆ ನೀವು ಸಂತೋಷಪಟ್ಟು ಮುಂದಿನ ಗುಚ್ಛಕ್ಕೆ ಹೋಗುತ್ತೀರಿ. ನನಗೆ ಹೆಚ್ಚು ಹೆದರಿಕೆ ಅದೇ.

ಹಿಂದೆ ನಮ್ಮಲ್ಲಿ ಊರಿಗೊಂದು ಸೇರು, ಸೀಮೆಗೊಂದು ಕೊಳಗ ಇತ್ತು. ಒಂದು ಊರಿನ ಹತ್ತು ಕೊಳಗ ರಾಗಿ ಇನ್ನೊಂದು ಊರಿನ ಹತ್ತು ಕೊಳಗಕ್ಕೆ ಸಮವಿರಲಿಲ್ಲ. ಒಂದೇ ಊರಿನೊಳಗೆ ವ್ಯವಹಾರ ಮಾಡುವವರೆಗೆ ಅದರಿಂದ ತೊಂದರೆಯಿಲ್ಲ, ಏಕೆಂದರೆ ಎಲ್ಲರಿಗೂ ಅದೇ ಸೇರು. ಎರಡು ಊರಿನ ಬೆಳೆಯನ್ನು ಹೋಲಿಸಲು ಹೊರಟ ದಿನ ಸೇರಿನ ಪ್ರಶ್ನೆ ಏಳುತ್ತದೆ. ನಕ್ಷತ್ರಗುಚ್ಛಗಳ ಸಮೀಕ್ಷೆಯಲ್ಲಿಯೂ ಹಾಗೆಯೇ. ಒಂದು ಗುಚ್ಛವನ್ನು ಅಳೆಯುವವರಿಗೆ ನಿಖರತೆ ಬೇಕು. ಹನ್ನೆರಡನ್ನು ಹೋಲಿಸುವವರಿಗೆ ಅದಕ್ಕಿಂತ ಮೊದಲು ಒಂದೇ ಸೇರು ಬೇಕು. ಎಲ್ಲ ಗುಚ್ಛಗಳಲ್ಲಿಯೂ ಒಂದೇ ಬಗೆಯ 0.03ರ ತಪ್ಪಿದ್ದರೆ, ಯಾವುದು ಹಿರಿದು ಯಾವುದು ಕಿರಿದು, ಯಾವುದು ಹತ್ತಿರ ಎಂಬ ನಿಮ್ಮ ಹೋಲಿಕೆ ಉಳಿಯುತ್ತದೆ. ಒಂದನ್ನು 0.01ಕ್ಕೂ ಇನ್ನೊಂದನ್ನು ಬೇರೆ ಕ್ಯಾಮೆರಾದಲ್ಲಿ ಬೇರೆ ಬಗೆಯಲ್ಲಿ 0.01ಕ್ಕೂ ಅಳೆದಿದ್ದರೆ ಆ ಹೋಲಿಕೆಯನ್ನು ನಾನು ನಂಬುವುದಿಲ್ಲ.

ಇದು ಬರೀ ಹವ್ಯಾಸಿಗಳ ಕಷ್ಟ ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ರಾಬರ್ಟ್ ಟ್ರಂಪ್ಲರ್ ನೂರು ಮುಕ್ತ ಗುಚ್ಛಗಳನ್ನು, ಅಂದರೆ ಕೃತ್ತಿಕೆಯಂತೆ ಸಡಿಲವಾಗಿ ಹರಡಿದ ಗುಚ್ಛಗಳನ್ನು, ಒಂದೇ ಕ್ರಮದಲ್ಲಿ ಪರಿಶೀಲಿಸಿ 1930ರಲ್ಲಿ ಫಲಿತಾಂಶ ಪ್ರಕಟಿಸಿದರು. ನಕ್ಷತ್ರಗಳ ಬಗೆ ಮತ್ತು ಕಾಂತಿಯಿಂದ ದೂರ ಕಂಡುಹಿಡಿದರು. ಆಕಾಶದಲ್ಲಿ ಕಾಣುವ ಅಗಲವನ್ನು ಆ ದೂರದಿಂದ ಗುಣಿಸಿ ನಿಜವಾದ ಅಗಲ ತೆಗೆದರು. ಆಗ ವಿಚಿತ್ರವೊಂದು ಕಂಡಿತು: ದೂರದ ಗುಚ್ಛಗಳೆಲ್ಲ ಹತ್ತಿರದವುಗಳಿಗಿಂತ ದೊಡ್ಡವು. ನಮ್ಮಿಂದ ದೂರವಿದ್ದ ಮಾತ್ರಕ್ಕೆ ಗುಚ್ಛ ದೊಡ್ಡದಾಗುವುದು ಸಾಧ್ಯವೆ? ದೂರದ ಗುಚ್ಛಗಳ ಬೆಳಕನ್ನು ನಡುವೆ ಏನೋ ತಡೆಯುತ್ತಿದೆ, ಅದರಿಂದ ಅವು ಇರುವುದಕ್ಕಿಂತ ದೂರದಲ್ಲಿ ಇರುವಂತೆ ಕಾಣುತ್ತಿವೆ ಎಂದು ಅವರು ಅರಿತರು. ನಕ್ಷತ್ರಗಳ ನಡುವಿನ ಧೂಳು ಹಾಗೆ ಲೆಕ್ಕಕ್ಕೆ ಬಂತು. ನೂರು ಗುಚ್ಛಗಳನ್ನು ನೂರು ಬಗೆಯಲ್ಲಿ ಅಳೆದಿದ್ದರೆ ಆ ಪ್ರವೃತ್ತಿ ಗೊಂದಲದಲ್ಲಿ ಮುಳುಗಿಹೋಗುತ್ತಿತ್ತು. ಧೂಳನ್ನು ಹೊರಗೆಡವಿದ್ದು ಅವರ ಅಳತೆಯ ಒಂದೇತನ.

ಇನ್ನು ನಿಮ್ಮ ಪುಸ್ತಕಗಳ ಜಗಳ. 1989ರಲ್ಲಿ ಹಾರಿದ ಹಿಪ್ಪಾರ್ಕಸ್ ಉಪಗ್ರಹದ ಪಟ್ಟಿ 1997ರಲ್ಲಿ ಹೊರಬಂದಾಗ ಕೃತ್ತಿಕೆಯ ದೂರ ಸುಮಾರು 390 ಜ್ಯೋತಿರ್ವರ್ಷ ಎಂದಿತು. ಪ್ರಧಾನ ಶ್ರೇಣಿಯ ಹಳೆಯ ಉಪಾಯ 430ಕ್ಕಿಂತ ಮೇಲೆ ಎನ್ನುತ್ತಿತ್ತು. ಕಾಂತಿಮಾನದ ಲೆಕ್ಕದಲ್ಲಿ ಈ ಜಗಳ ಬರೀ ಕಾಲು ಕಾಂತಿಮಾನದ್ದು, ಬಣ್ಣದ ಲೆಕ್ಕದಲ್ಲಿ 0.05ರದ್ದು. ನಿಮ್ಮ ಫೆಬ್ರವರಿ ರಾತ್ರಿ ಗಾಳಿ ಮಾಡಿದ ತಪ್ಪಿನ ಅಳತೆಯೂ ಅಷ್ಟೇ ಎಂಬುದನ್ನು ಗಮನಿಸಿ. ಉಪಗ್ರಹ ಸರಿಯೆ, ನಕ್ಷತ್ರಗಳ ಬಗೆಗಿನ ನಮ್ಮ ತಿಳಿವಳಿಕೆಯೇ ತಪ್ಪೆ ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. 2014ರಲ್ಲಿ ಖಂಡಾಂತರದ ರೇಡಿಯೋ ದೂರದರ್ಶಕಗಳನ್ನು ಜೋಡಿಸಿ ಅಳೆದಾಗ 444 ಬಂತು, ಗಾಯಾ ಕೂಡ ಅದರ ಆಸುಪಾಸಿನಲ್ಲೇ ನಿಂತಿತು. 390 ಎಂದು ಬರೆದಿರುವ ಪುಸ್ತಕ ಹಿಪ್ಪಾರ್ಕಸ್ ಕಾಲದ್ದು. ಮಕ್ಕಳಿಗೆ 440ರ ಸುಮಾರು ಎಂದು ಹೇಳಿಕೊಡಿ.

ಈಗ ಕೆಲಸಕ್ಕೆ ಬರೋಣ.

ಚಿತ್ರಗಳನ್ನು ಕಚ್ಚಾ ರೂಪದಲ್ಲಿಯೇ, ಅಂದರೆ ರಾ ಕಡತವಾಗಿಯೇ ತೆಗೆಯಿರಿ. ಜೆಪೆಗ್ ಮಾಡುವಾಗ ಕ್ಯಾಮೆರಾ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಬೆಳಕಿನ ಪ್ರಮಾಣವನ್ನೇ ತಿರುಚುತ್ತದೆ, ಆಮೇಲೆ ಅದರಲ್ಲಿ ಅಳತೆ ಸಾಧ್ಯವಿಲ್ಲ. ಐಎಸ್‌ಒ ಒಂದನ್ನು ಆಯ್ದುಕೊಂಡು ಸಮೀಕ್ಷೆ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ಕ್ಯಾಮೆರಾ ಹಿಡಿಯಲಾರದಷ್ಟು ಬೆಳಕು ಬಿದ್ದು ನಕ್ಷತ್ರ ಉಕ್ಕಿಹೋಗದಂತೆ ಫೋಕಸನ್ನು ಕೊಂಚ ಸಡಿಲಿಸಿ, ಬಿಂದು ಸಣ್ಣ ಬಿಲ್ಲೆಯಾಗಲಿ. ಮುಚ್ಚಳ ಹಾಕಿ ತೆಗೆದ ಕತ್ತಲೆ ಚಿತ್ರಗಳು, ಒಂದೇ ಸಮನಾದ ಬೆಳಕಿನ ಚಿತ್ರಗಳು ಪ್ರತಿ ರಾತ್ರಿಯೂ ಬೇಕು. ಎರಡನೆಯದಕ್ಕೆ ನಾನು ಇಂದಿಗೂ ಒಗೆದ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಕೊಳವೆಯ ಬಾಯಿಗೆ ಸುಕ್ಕಿಲ್ಲದಂತೆ ಬಿಗಿದು, ಸೂರ್ಯ ಮುಳುಗಿದ ಮೇಲಿನ ನಸುಬೆಳಕಿನ ಆಕಾಶಕ್ಕೆ ಹಿಡಿಯುತ್ತೇನೆ. ಲೆನ್ಸಿನ ಅಂಚಿನಲ್ಲಿರುವ ನಕ್ಷತ್ರ ನಡುವಿನದಕ್ಕಿಂತ ಮಂಕಾಗಿ ಬೀಳುವುದನ್ನು ಸರಿಪಡಿಸಲು ಬೇರೆ ದಾರಿ ಇಲ್ಲ. ಗುಚ್ಛವೋ ಚೌಕಟ್ಟಿನ ತುಂಬ ಹರಡಿಕೊಂಡಿರುತ್ತದೆ, ಹಾಗಾಗಿ ಇದನ್ನು ಬಿಟ್ಟರೆ ನಡುವಿನ ನಕ್ಷತ್ರಗಳಿಗೆ ಒಂದು ಸೇರು, ಅಂಚಿನವಕ್ಕೆ ಇನ್ನೊಂದು ಸೇರು ಆಗುತ್ತದೆ.

ಮುಖ್ಯವಾದದ್ದು ಮುಂದಿದೆ. ನಿಮ್ಮ ಕ್ಯಾಮೆರಾದ ಹಸಿರು ಬಣ್ಣ ಖಗೋಳಜ್ಞರ ‘ವಿ’ ಶೋಧಕದ, ಅಂದರೆ ಫಿಲ್ಟರಿನ, ಬಣ್ಣವಲ್ಲ. ಹತ್ತಿರವಿದೆ, ಆದರೆ ಅದೇ ಅಲ್ಲ. ‘ವಿ’ (ಹಸಿರಿನ ಆಸುಪಾಸು), ‘ಬಿ’ (ನೀಲಿ), ‘ಯು’ (ಅತಿನೇರಳೆ) ಎಂಬ ಮೂರು ಬಣ್ಣಗಳ ಪದ್ಧತಿಯನ್ನು ಜಾನ್ಸನ್ ಮತ್ತು ಮೋರ್ಗನ್ 1953ರಲ್ಲಿ ನೆಲೆಗೊಳಿಸಿದರು. ಇಂದಿಗೂ ಗುಚ್ಛಗಳ ಹಳೆಯ ಅಳತೆಗಳೆಲ್ಲ ಅದರ ಮೇಲೆ ನಿಂತಿವೆ. ನಿಮ್ಮ ಅಳತೆಯನ್ನು ಅಲ್ಲಿಗೆ ಒಯ್ಯಲು ಒಂದು ಗೆರೆ ಬೇಕು. ಕಾಂತಿಮಾನ ಚೆನ್ನಾಗಿ ಗೊತ್ತಿರುವ ಮೂವತ್ತು ನಲವತ್ತು ನಕ್ಷತ್ರಗಳನ್ನು ಆರಿಸಿಕೊಳ್ಳಿ. ಪ್ರಕಟಿತ ಪಟ್ಟಿಯಲ್ಲಿರುವ ‘ವಿ’ಯಿಂದ ನಿಮ್ಮ ಹಸಿರಿನ ಅಳತೆಯನ್ನು ಕಳೆಯಿರಿ. ಆ ವ್ಯತ್ಯಾಸವನ್ನು ನಕ್ಷತ್ರದ ವರ್ಣಾಂಕದ ಎದುರು ಗ್ರಾಫ್ ಕಾಗದದ ಮೇಲೆ ಗುರುತಿಸಿ. ನೀಲಿ ನಕ್ಷತ್ರಗಳಿಂದ ಕೆಂಪು ನಕ್ಷತ್ರಗಳವರೆಗೆ ಚುಕ್ಕೆಗಳು ಒಂದು ಓರೆಗೆರೆಯಲ್ಲಿ ಬರುತ್ತವೆ. ಆ ಗೆರೆಯ ಓರೆ ನಿಮ್ಮ ಕ್ಯಾಮೆರಾದ ಜಾತಕ: ಕ್ಯಾಮೆರಾ, ಲೆನ್ಸ್ ಬದಲಾಗದವರೆಗೆ ಅದೂ ಬದಲಾಗದು. ಗೆರೆಯ ಎತ್ತರ ಮಾತ್ರ ಆ ರಾತ್ರಿಯ ಪಂಚಾಂಗ: ಗಾಳಿ, ತೇವ, ಹೊಗೆ, ಗುಚ್ಛದ ಎತ್ತರ ಎಲ್ಲ ಸೇರಿ ದಿನಕ್ಕೊಂದು ಬಗೆ. ಜಾತಕವನ್ನು ಎರಡು ಮೂರು ಒಳ್ಳೆಯ ರಾತ್ರಿಗಳಲ್ಲಿ ಒಮ್ಮೆ ಗಟ್ಟಿಮಾಡಿಕೊಳ್ಳಿ. ಪಂಚಾಂಗವನ್ನು ಪ್ರತಿ ಚಿತ್ರದಲ್ಲಿಯೂ, ಅದೇ ಚೌಕಟ್ಟಿನೊಳಗಿನ ಗೊತ್ತಿರುವ ನಕ್ಷತ್ರಗಳಿಂದ ಹೊಸದಾಗಿ ಓದಿ. ನಿಮ್ಮ ಡಿಸೆಂಬರ್ ಮತ್ತು ಫೆಬ್ರವರಿ ರಾತ್ರಿಗಳು ಹೀಗೆ ಮಾಡಿದ್ದರೆ ಕೂಡಿಕೊಳ್ಳುತ್ತಿದ್ದವು.

ಜಾತಕ ಬರೆಯಲು ಅತ್ಯುತ್ತಮ ಜಾಗ ಕಟಕ ರಾಶಿಯ ಎಂ67 ಗುಚ್ಛ (‘ಎಂ’ ಎಂದರೆ ಮೆಸಿಯೆ ಎಂಬ ಖಗೋಳಜ್ಞನ ಪಟ್ಟಿಯ ಸಂಖ್ಯೆ). ಸುಮಾರು 400 ಕೋಟಿ ವರ್ಷ ವಯಸ್ಸಿನ, ನಮ್ಮ ಸೂರ್ಯನ ಓರಗೆಯ ಗುಚ್ಛ ಅದು. ನೀಲಿ, ಹಳದಿ, ಕೆಂಪು ನಕ್ಷತ್ರಗಳೆಲ್ಲ ಅರ್ಧ ಡಿಗ್ರಿಯೊಳಗೆ ಸಿಗುತ್ತವೆ. ಅನೇಕರು ಮತ್ತೆ ಮತ್ತೆ ಅಳೆದಿರುವುದರಿಂದ ಸಂಖ್ಯೆಗಳು ನಂಬಲರ್ಹ. ನಿಮ್ಮ 6 ಇಂಚಿಗೆ ಹೇಳಿ ಮಾಡಿಸಿದಂತಿದೆ. ಫೆಬ್ರವರಿ, ಮಾರ್ಚ್ ರಾತ್ರಿಗಳಲ್ಲಿ ಮಂಡ್ಯದ ನೆತ್ತಿಯ ಬಳಿಯೇ ಹಾಯುತ್ತದೆ. ಇದರಲ್ಲಿ ನಮ್ಮ ಸೀಮೆಯವರು ಭಾಗ್ಯವಂತರು. ವೃತ್ತಿನಿರತರು ಬಳಸುವ ಲ್ಯಾಂಡೊಲ್ಟ್ ಪ್ರಮಾಣ ನಕ್ಷತ್ರಗಳು (ಖಗೋಳಜ್ಞ ಲ್ಯಾಂಡೊಲ್ಟ್ ಹೋಲಿಕೆಗೆಂದೇ ನಿಖರವಾಗಿ ಅಳೆದಿಟ್ಟವು) ಬಹುಪಾಲು ಖಗೋಳದ ವಿಷುವದ್ವೃತ್ತದ ಬಳಿ ಇವೆ, ಅದು ಮೈಸೂರು ಮಂಡ್ಯಗಳಲ್ಲಿ 78 ಡಿಗ್ರಿ ಎತ್ತರಕ್ಕೆ ಏರುತ್ತದೆ. ಯುರೋಪಿನ ಹವ್ಯಾಸಿಗೆ ಆ ಎತ್ತರ ಸಿಗುವುದಿಲ್ಲ. ಹೋಲಿಕೆಯ ಸಂಖ್ಯೆಗಳನ್ನು ಮಾತ್ರ ಒಂದೇ ಪಟ್ಟಿಯಿಂದ ತೆಗೆದುಕೊಳ್ಳಿ. ಒಂದು ಗುಚ್ಛಕ್ಕೆ ಒಂದು ಪಟ್ಟಿ, ಇನ್ನೊಂದಕ್ಕೆ ಇನ್ನೊಂದು ಪಟ್ಟಿ ಹಿಡಿದರೆ ಬಾಗಿಲಿನಿಂದ ಓಡಿಸಿದ ಎರಡನೇ ಸೇರು ಕಿಟಕಿಯಿಂದ ಒಳಗೆ ಬಂದಂತೆ.

ಹೊಗೆಯ ವಿಷಯ ಹೇಳಲೇಬೇಕು, ಏಕೆಂದರೆ ನೀವು ಕಬ್ಬಿನ ನಾಡಿನಲ್ಲಿದ್ದೀರಿ. ಒಂದು ಜನವರಿಯಲ್ಲಿ ಪಾಂಡವಪುರದ ಕಡೆಯ ತೋಟವೊಂದರಲ್ಲಿ ಪುಷ್ಯದ ಗುಚ್ಛವನ್ನು, ಎಂ44 ಅನ್ನು ಅಳೆಯುತ್ತಿದ್ದೆ. ಆಕಾಶ ತಿಳಿಯಾಗಿತ್ತು, ಬರಿಗಣ್ಣಿಗೆ ಗುಚ್ಛ ಹತ್ತಿಯ ಎಳೆಯಂತೆ ಕಾಣುತ್ತಿತ್ತು. ಹನ್ನೊಂದರ ಹೊತ್ತಿಗೆ ಗಾಳಿ ತಿರುಗಿತು. ಬೆಲ್ಲದ ಪಾಕದ ವಾಸನೆ ಬಂತು, ಅರ್ಧ ಮೈಲಿ ಆಚೆಯ ಆಲೆಮನೆಯದ್ದು. ಕಣ್ಣಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಮರುದಿನ ಲೆಕ್ಕ ಹಾಕಿದಾಗ, ವಾಸನೆ ಬಂದ ಸಮಯದಿಂದ ಇಪ್ಪತ್ತು ನಿಮಿಷ ಚೌಕಟ್ಟಿನ ಎಲ್ಲ ನಕ್ಷತ್ರಗಳೂ 0.08ರಷ್ಟು ಕುಸಿದಿದ್ದವು. ಆದರೆ ಒಂದಕ್ಕೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ ಕದಲಿರಲಿಲ್ಲ. ಹೋಲಿಕೆಯ ನಕ್ಷತ್ರಗಳು ಅದೇ ಚೌಕಟ್ಟಿನಲ್ಲಿ, ಅದೇ ಹೊಗೆಯ ಹಿಂದೆ ಇದ್ದದ್ದರಿಂದ ರಾತ್ರಿ ಉಳಿಯಿತು. ಅಂದಿನಿಂದ ನನ್ನ ನೋಟ್‌ಪುಸ್ತಕದಲ್ಲಿ ಗಾಳಿಯ ದಿಕ್ಕು ಮತ್ತು ವಾಸನೆಗೆ ಒಂದು ಕಾಲಂ ಇದೆ.

ನಗರದ ಬೆಳಕು ಇದಕ್ಕಿಂತ ಬೇರೆ ಬಗೆಯ ತೊಂದರೆ. ಮೈಸೂರಿನಲ್ಲಿ ದಸರಾ ದೀಪಗಳ ರಾತ್ರಿ ಆಕಾಶವೇ ಬೆಳಗುತ್ತದೆ, ಆದರೆ ಅದು ನಕ್ಷತ್ರದ ಬೆಳಕನ್ನು ಕಡಿಮೆ ಮಾಡುವುದಿಲ್ಲ. ಸುತ್ತಲಿನ ಆಕಾಶದ ಬೆಳಕನ್ನು ಅಳೆದು ಕಳೆದರೆ ನಕ್ಷತ್ರದ ಪಾಲು ಹಾಗೆಯೇ ಸಿಗುತ್ತದೆ, ಮಂದ ನಕ್ಷತ್ರಗಳಲ್ಲಿ ನಡುಕ ಹೆಚ್ಚುತ್ತದೆ ಅಷ್ಟೆ. ಊರಿನಲ್ಲಿದ್ದುಕೊಂಡು ಪ್ರಕಾಶಮಾನ ಗುಚ್ಛಗಳನ್ನು ಧಾರಾಳವಾಗಿ ಅಳೆಯಬಹುದು. ಮಂದವಾದವುಗಳಿಗೆ ಮೇಲುಕೋಟೆಯಂಥ ಎತ್ತರದ, ಕತ್ತಲೆಯ ಜಾಗಕ್ಕೆ ಹೋಗಿ.

ನನ್ನಿಂದ ಆದ ಒಂದು ತಪ್ಪು ನಿಮ್ಮಿಂದ ಆಗದಿರಲಿ. ಒಂದು ಚಳಿಗಾಲದಲ್ಲಿ ಎಂಟು ಗುಚ್ಛಗಳನ್ನು ಅಳೆದಿದ್ದೆ. ನಾಲ್ಕು ಮುಗಿದ ಮೇಲೆ, ಇಬ್ಬನಿ ಬಿದ್ದ ಒಂದು ರಾತ್ರಿಯ ಚಿತ್ರಗಳಲ್ಲಿ ನಕ್ಷತ್ರಗಳು ಊದಿಕೊಂಡಿದ್ದವೆಂದು, ಅಳತೆಯ ವೃತ್ತದ, ಅಂದರೆ ನಕ್ಷತ್ರದ ಬೆಳಕನ್ನು ಕೂಡಿಸಲು ಚಿತ್ರದಲ್ಲಿ ಅದರ ಸುತ್ತ ಎಳೆಯುವ ವೃತ್ತದ, ತ್ರಿಜ್ಯವನ್ನು 6 ಪಿಕ್ಸೆಲ್‌ನಿಂದ 9ಕ್ಕೆ ಏರಿಸಿದೆ. ಆಮೇಲೆ ಹಾಗೆಯೇ ಬಿಟ್ಟೆ. ಆ ದಿನಗಳಲ್ಲಿ ನಾನು ಸೊನ್ನೆಬಿಂದುವನ್ನು, ಅಂದರೆ ಮೇಲೆ ಪಂಚಾಂಗ ಎಂದ ಗೆರೆಯ ಎತ್ತರವನ್ನು, ಚಿತ್ರಕ್ಕೊಂದರಂತೆ ತೆಗೆಯದೆ ಋತುವಿಗೊಂದರಂತೆ ಇಟ್ಟುಕೊಂಡಿದ್ದೆ. ಕೊನೆಯ ನಾಲ್ಕು ಗುಚ್ಛಗಳು ಮೊದಲ ನಾಲ್ಕಕ್ಕಿಂತ ಒಂದೇ ಸಮನೆ 0.06ರಷ್ಟು ಪ್ರಕಾಶಮಾನವಾಗಿ ಬಂದವು. ಮೂರು ವಾರ ಅದಕ್ಕೆ ಖಗೋಳದಲ್ಲಿ ಕಾರಣ ಹುಡುಕಿದೆ, ಕಾರಣ ನನ್ನ ವೃತ್ತದಲ್ಲಿತ್ತು. ಕಚ್ಚಾ ಕಡತಗಳನ್ನು ಅಳಿಸಿರಲಿಲ್ಲ, ಹಾಗಾಗಿ ಎಂಟನ್ನೂ ಮೊದಲಿನಿಂದ ಒಂದೇ ವೃತ್ತದಲ್ಲಿ ಅಳೆಯಲು ಸಾಧ್ಯವಾಯಿತು. ಸಮೀಕ್ಷೆಯ ನಡುವೆ ಯಾವುದನ್ನು ಬದಲಿಸಿದರೂ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಹೊಸ ಬಗೆ ಹಳೆಯದಕ್ಕಿಂತ ಎಷ್ಟೇ ಒಳ್ಳೆಯದಾಗಿರಲಿ, ಇದಕ್ಕೆ ವಿನಾಯಿತಿ ಇಲ್ಲ.

ಯಾವ ಗುಚ್ಛಗಳು? ಕೃತ್ತಿಕೆ ಹೇಗೂ ಇದೆ. ಪುಷ್ಯದ ಎಂ44, ಮಿಥುನದ ಪಾದದ ಎಂ35, ಲುಬ್ಧಕದ ಕೆಳಗಿನ ಎಂ41, ವಿಜಯಸಾರಥಿಯ ಮೂರು ಗುಚ್ಛಗಳು ಎಲ್ಲವೂ ಚಳಿಗಾಲದಲ್ಲಿ ಸಿಗುತ್ತವೆ. ವೃಶ್ಚಿಕದ ಬಾಲದ ಬಳಿಯ ಎಂ6 ಮತ್ತು ಎಂ7 ನಮಗೆ 40 ಡಿಗ್ರಿಗಿಂತ ಮೇಲೇರುತ್ತವೆ, ಆದರೆ ಸಂಜೆ ಕಾಣುವ ತಿಂಗಳುಗಳಲ್ಲಿ ಮೋಡ. ಯುಗಾದಿಯ ಆಸುಪಾಸಿನಲ್ಲಿ ಬೆಳಗಿನ ಜಾವ 4 ಗಂಟೆಗೆ ಎದ್ದರೆ ದಕ್ಷಿಣದಲ್ಲಿ ಚೆನ್ನಾಗಿ ನಿಂತಿರುತ್ತವೆ. ಮಕ್ಕಳ ಮನೆಗಳಲ್ಲಿ ಕೃತ್ತಿಕೆ ಮಳೆ, ಪುಷ್ಯ ಮಳೆ ಎಂಬ ಮಾತು ಇದ್ದೇ ಇರುತ್ತದೆ. ಆ ಮಳೆಯ ದಿನಗಳಲ್ಲಿ ಸೂರ್ಯನೇ ಆ ನಕ್ಷತ್ರದ ಬಳಿ ಕುಳಿತಿರುವುದರಿಂದ ಗುಚ್ಛ ಕಾಣುವುದಿಲ್ಲ ಎಂದು ವಿವರಿಸಿ, ಅಜ್ಜ ಅಜ್ಜಿಯರ ಜೊತೆ ಮಾತಾಡಲು ಅವರಿಗೆ ಒಂದು ವಿಷಯ ಸಿಗುತ್ತದೆ. ರೋಹಿಣಿಯ ಸುತ್ತಲಿನ ಗುಚ್ಛ ಮಾತ್ರ ನಿಮ್ಮ ಚೌಕಟ್ಟಿಗೆ ದೊಡ್ಡದು. ಅಲ್ಲಿ ಇನ್ನೊಂದು ಎಚ್ಚರಿಕೆ: ರೋಹಿಣಿ ಆ ಗುಚ್ಛದ ಸದಸ್ಯೆಯೇ ಅಲ್ಲ. ಗುಚ್ಛ 153 ಜ್ಯೋತಿರ್ವರ್ಷ ದೂರದಲ್ಲಿದೆ, ರೋಹಿಣಿ 65ರಲ್ಲಿ ಅಡ್ಡ ನಿಂತಿದೆ. ಪ್ರತಿ ಗುಚ್ಛದಲ್ಲಿಯೂ ಇಂಥ ದಾರಿಹೋಕರಿರುತ್ತಾರೆ. ಅವರನ್ನು ಹೊರಗಿಡುವ ನಿಯಮವೂ ಎಲ್ಲ ಗುಚ್ಛಗಳಿಗೆ ಒಂದೇ ಇರಲಿ. ಗಾಯಾದ ಚಲನೆಯ ಸಂಖ್ಯೆಗಳನ್ನು ಇದಕ್ಕೆ ಬಳಸಿಕೊಳ್ಳಿ. ಪ್ರಧಾನ ಶ್ರೇಣಿಯಿಂದ ಮುಕ್ಕಾಲು ಕಾಂತಿಮಾನ ಮೇಲೆ, ಅದಕ್ಕೆ ಸಮಾನಾಂತರವಾಗಿ ಕೆಲವು ಚುಕ್ಕೆಗಳು ಬಂದರೆ ಅಳಿಸಬೇಡಿ, ಅವು ಒಂದೇ ಚುಕ್ಕೆಯಂತೆ ಕಾಣುವ ಜೋಡಿ ನಕ್ಷತ್ರಗಳು.

ಗಾಯಾ ಇರುವಾಗ ನಿಮ್ಮ ಅಳತೆ ಏಕೆ? 2013ರ ಡಿಸೆಂಬರಿನಲ್ಲಿ ಹಾರಿದ ಗಾಯಾ ಇಡೀ ಆಕಾಶವನ್ನು ಒಂದೇ ಉಪಕರಣದಿಂದ ಅಳೆಯಿತು. ನಾನು ಇಷ್ಟು ಹೊತ್ತು ಹೇಳಿದ ಒಂದೇ ಸೇರಿನ ಕನಸು ಅಲ್ಲಿ ನನಸಾಯಿತು. ಅದರ ದತ್ತಾಂಶವನ್ನು ಒಂದೇ ಬಗೆಯಲ್ಲಿ ಜಾಲಿಸಿ 2023ರಲ್ಲಿ ಪ್ರಕಟವಾದ ಒಂದು ಪಟ್ಟಿಯಲ್ಲಿ 7,000ಕ್ಕೂ ಹೆಚ್ಚು ಗುಚ್ಛಗಳಿವೆ. ಆದರೂ ಅದರ ಸೇರನ್ನು ಕೂಡ ಪರೀಕ್ಷಿಸಬೇಕಾಯಿತು. 2018ರ ಬಿಡುಗಡೆಯಲ್ಲಿ, ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ಕಾಣುವ ಸ್ಥಾನದ ಪಲ್ಲಟ, ಇದರಿಂದಲೇ ದೂರದ ಲೆಕ್ಕ) ಸೊನ್ನೆಯೇ ಇರಬೇಕಾದ, ಬಹುದೂರದ ಗ್ಯಾಲಕ್ಸಿಗಳ ಉಜ್ವಲ ಕೇಂದ್ರಗಳಾದ ಕ್ವೇಸಾರ್‌ಗಳು ಸರಾಸರಿ ಸುಮಾರು 0.03 ಮಿಲಿ ಆರ್ಕ್‌ಸೆಕೆಂಡ್ ಕೆಳಗೆ ತೋರಿದವು. ಹತ್ತಿರದ ಕೃತ್ತಿಕೆಗೆ ಅದು ಲೆಕ್ಕಕ್ಕಿಲ್ಲ. ಹತ್ತು ಸಾವಿರ ಜ್ಯೋತಿರ್ವರ್ಷ ದೂರದ ಗುಚ್ಛಕ್ಕೆ ನೂರಕ್ಕೆ ಒಂಬತ್ತರಷ್ಟು ತಪ್ಪು. ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕವೂ ತನ್ನ ಸಂವೇದನೆ ಕುಗ್ಗಿದೆಯೆ ಎಂದು ತಿಳಿಯಲು ಎನ್‌ಜಿಸಿ 188 ಎಂಬ ಮುದಿ ಗುಚ್ಛದ ಕಡೆಗೆ ಮತ್ತೆ ಮತ್ತೆ ತಿರುಗುತ್ತಿತ್ತು. ಧ್ರುವ ನಕ್ಷತ್ರದ ಬಳಿಯ ಆ ಗುಚ್ಛ ಮಂಡ್ಯದಲ್ಲಿ 17 ಡಿಗ್ರಿಗಿಂತ ಮೇಲೇರದು, ಅದನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ.

2025ರ ಜನವರಿಯಲ್ಲಿ ಗಾಯಾ ನೋಡುವುದನ್ನು ನಿಲ್ಲಿಸಿತು, ನಕ್ಷತ್ರಗಳು ಬದಲಾಗುವುದನ್ನು ನಿಲ್ಲಿಸಿಲ್ಲ. ಕೃತ್ತಿಕೆಯ ಪ್ಲಿಯೋನಿ ವೇಗವಾಗಿ ಸುತ್ತುತ್ತ ತನ್ನ ಸುತ್ತ ಅನಿಲದ ತಟ್ಟೆ ಕಟ್ಟಿಕೊಂಡು, ಕಳಚಿಕೊಂಡು, ವರ್ಷಗಳ ಅವಧಿಯಲ್ಲಿ ಕಾಂತಿ ಬದಲಿಸುತ್ತದೆ. ಐದನೇ ಕಾಂತಿಮಾನದ ಆಸುಪಾಸಿನ ಅದನ್ನು ದೊಡ್ಡ ದೂರದರ್ಶಕಗಳು ಬೆಳಕು ಉಕ್ಕುತ್ತದೆಂದು ಬಿಟ್ಟುಬಿಡುತ್ತವೆ, ನಿಮ್ಮ 200 ಮಿ.ಮೀ. ಲೆನ್ಸಿಗೆ ಅದು ಸಲೀಸು. ಹತ್ತು ವರ್ಷ ಒಂದೇ ಕ್ಯಾಮೆರಾ, ಒಂದೇ ಬಗೆಯಲ್ಲಿ ಒಂದು ಶಾಲೆ ಅದನ್ನು ಅಳೆದಿಟ್ಟರೆ ಆ ಸರಣಿಗೆ ಬೆಲೆ ಉಂಟು ಎಂದು ನಾನು ಮನಸಾರೆ ಹೇಳುತ್ತೇನೆ. ಹೋಲಿಕೆಯ ನಕ್ಷತ್ರವಾಗಿ ಮಾತ್ರ ಪ್ಲಿಯೋನಿಯನ್ನು ಎಂದೂ ಹಿಡಿಯಬೇಡಿ.

ಫೆಬ್ರವರಿಯ ಚಿತ್ರಗಳು ಇನ್ನೂ ಕಂಪ್ಯೂಟರಿನಲ್ಲಿದ್ದರೆ ಅಳಿಸಬೇಡಿ. ರಾ ಕಡತಗಳಾಗಿದ್ದರೆ ಅವೇ ಚೌಕಟ್ಟಿನೊಳಗಿನ ಏಳು, ಎಂಟನೇ ಕಾಂತಿಮಾನದ ಇಪ್ಪತ್ತು ನಕ್ಷತ್ರಗಳನ್ನು ಹೋಲಿಕೆಗೆ ಹಿಡಿದು ಎರಡೂ ರಾತ್ರಿಗಳನ್ನು ಮಕ್ಕಳಿಂದಲೇ ಮತ್ತೆ ಲೆಕ್ಕ ಹಾಕಿಸಿ. ಹಸಿರಿನ ಗೆರೆಯ ಎತ್ತರ ಎರಡು ರಾತ್ರಿಗೂ ಎಷ್ಟು ಬೇರೆಯಾಗಿದೆ, ನೀಲಿಯದು ಅದಕ್ಕಿಂತ ಎಷ್ಟು ಹೆಚ್ಚು ಬೇರೆಯಾಗಿದೆ ಎಂದು ನೋಡಿ ನನಗೆ ಬರೆಯಿರಿ. ಗೆರೆ ಎಳೆದ ಗ್ರಾಫ್ ಕಾಗದವನ್ನೂ ಜೊತೆಗೆ ಕಳುಹಿಸಿ.